ಸುಳಿಯೊಳಗಿನ ಲೆಕ್ಕ

ಜುಲೈ ತಿಂಗಳಲ್ಲಿ ಹಾವೇರಿ, ರಾಣೆಬೆನ್ನೂರು ಕಡೆಯ ಗೊಬ್ಬರ-ಔಷಧಿ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: "ಸಾವ್ಕಾರ್ರ, ಗ್ವಾಂಜಾಳಕ್ಕ ಹುಳ ಬಿದ್ದೈತ್ರಿ. ಒಂದ್ ಜೋರ್ ಎಣ್ಣಿ ಕೊಡ್ರಿ." ಅಂಗಡಿಯವರ ಮರುಪ್ರಶ್ನೆಯೂ ಗೊತ್ತಿದ್ದದ್ದೇ: "ಎಷ್ಟ್ ಎಕ್ರೆ ಐತ್ರೀ?" ಎಕರೆ ಹೇಳಿದರೆ ಅದಕ್ಕೆ ತಕ್ಕಷ್ಟು ಬಾಟಲಿ ಕೈಗೆ ಬರುತ್ತದೆ. ಬೆಳೆಗೆ ಎಷ್ಟು ದಿನವಾಯಿತು, ಹುಳು ಎಷ್ಟುದ್ದ ಬೆಳೆದಿದೆ, ನೂರು ಗಿಡದಲ್ಲಿ ಎಷ್ಟಕ್ಕೆ ಬಿದ್ದಿದೆ ಎಂಬುದನ್ನು ಕೊಡುವವರು ಕೇಳುವುದಿಲ್ಲ, ಕೊಳ್ಳುವವರು ಹೇಳುವುದಿಲ್ಲ. ಆ ಬಾಟಲಿಗೆ ಕೊಟ್ಟ ದುಡ್ಡು ಸಾರ್ಥಕವಾಗುತ್ತದೋ ಮಣ್ಣುಪಾಲಾಗುತ್ತದೋ ಎಂಬುದು ನಿಂತಿರುವುದು ಮಾತ್ರ ಈ ಮೂರು ಪ್ರಶ್ನೆಗಳ ಮೇಲೆ.

ಕರ್ನಾಟಕದ ಮೆಕ್ಕೆಜೋಳಕ್ಕೆ ಹುಳುಬಾಧೆ ಹೊಸದಲ್ಲ. ಕಾಂಡ ಕೊರೆಯುವ ಹುಳು ಮೊದಲಿಂದಲೂ ಇತ್ತು, ಹೇನು ಇತ್ತು, ಕೆಲವು ವರ್ಷ ದಂಡುಕಟ್ಟಿ ಬರುವ ನಮ್ಮದೇ ಸೈನಿಕ ಹುಳುವೂ ಇತ್ತು. ಆದರೂ ಹೆಚ್ಚಿನ ರೈತರು ಈ ಬೆಳೆಗೆ ಔಷಧಿ ಹೊಡೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಬಿತ್ತಿ, ಎರಡು ಸಲ ಗೊಬ್ಬರ ಕೊಟ್ಟು, ಎಡೆಕುಂಟೆ ಹೊಡೆದರೆ ತೆನೆ ಮುರಿಯುವವರೆಗೆ ನಿಶ್ಚಿಂತೆ. ದಾವಣಗೆರೆ, ಹಾವೇರಿ, ಚಿತ್ರದುರ್ಗದಲ್ಲಿ ಹತ್ತಿ, ಜೋಳ, ರಾಗಿಯ ಜಾಗವನ್ನು ಮೆಕ್ಕೆಜೋಳ ಆಕ್ರಮಿಸಿಕೊಂಡದ್ದಕ್ಕೆ ಈ ನಿಶ್ಚಿಂತೆಯೂ ಒಂದು ಕಾರಣ.

2018ರ ಮೇ ತಿಂಗಳಲ್ಲಿ ಅದು ಮುಗಿಯಿತು. ಶಿವಮೊಗ್ಗದ ಕೃಷಿ ಮಹಾವಿದ್ಯಾಲಯದ ಕೀಟಶಾಸ್ತ್ರಜ್ಞರಾದ ಶರಣಬಸಪ್ಪ ಮತ್ತು ಕಲ್ಲೇಶ್ವರಸ್ವಾಮಿ ಅವರ ತಂಡ ಅಲ್ಲಿನ ಮೆಕ್ಕೆಜೋಳದಲ್ಲಿ ಕಂಡ ಒಂದು ಹುಳುವನ್ನು ಪರೀಕ್ಷಿಸಿ, ಇದು ಅಮೆರಿಕ ಖಂಡದ ಫಾಲ್ ಆರ್ಮಿವರ್ಮ್ ಎಂದು ಗುರುತಿಸಿತು. ಭಾರತದಲ್ಲಿ ಮಾತ್ರವಲ್ಲ, ಏಷ್ಯಾದಲ್ಲೇ ಅದು ಮೊದಲ ದಾಖಲೆ. ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಚಿಕ್ಕಬಳ್ಳಾಪುರದಲ್ಲೂ ಇದನ್ನು ಕಂಡು ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟಿತು. ಪತ್ತೆಯಾಗುವ ಹೊತ್ತಿಗೆ ಹುಳು ಮುಂದಿನ ಊರು ದಾಟಿತ್ತು. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡು ಎರಡೇ ವರ್ಷದಲ್ಲಿ ಆ ಖಂಡವನ್ನು ಹೆಚ್ಚುಕಡಿಮೆ ಪೂರ್ತಿ ಆವರಿಸಿದ್ದ ಕೀಟವಿದು. ಶಿವಮೊಗ್ಗದಲ್ಲಿ ಕಂಡ ಮರುವರ್ಷ ಮಿಜೋರಾಂನ ಮೆಕ್ಕೆಜೋಳವನ್ನು ತಿಂದುಹಾಕಿತು, ಚೀನಾ ತಲುಪಿತು. 2020ರ ಆರಂಭದಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿತ್ತು. ಇದರ ಪತಂಗ ಗಾಳಿ ಅನುಕೂಲವಾಗಿದ್ದರೆ ಒಂದೇ ರಾತ್ರಿಯಲ್ಲಿ 100 ಕಿಲೋಮೀಟರ್ ಹಾರಬಲ್ಲದು. ರೈತರು ಇದಕ್ಕೆ ಲದ್ದಿ ಹುಳು ಎಂದರು. ಸುಳಿಯ ತುಂಬ ಕಟ್ಟಿಗೆ ಹೊಟ್ಟಿನಂಥ ಹಿಕ್ಕೆ ತುಂಬಿಸಿಡುವ ಹುಳುವಿಗೆ ಒಪ್ಪುವ ಹೆಸರೇ.

ಎಲೆ ಹರಿದುಹೋಗಿದೆ ಎಂದು ಬದುವಿನ ಮೇಲೆ ನಿಂತವರ ಕಣ್ಣಿಗೆ ಬೀಳುವ ದಿನಕ್ಕೂ ಹುಳು ಹೊಲಕ್ಕೆ ಬಂದ ದಿನಕ್ಕೂ ಸುಮಾರು ಎರಡು ವಾರದ ಅಂತರವಿರುತ್ತದೆ. ನಡೆಯುವ ಅನಾಹುತವೆಲ್ಲ ಈ ಅಂತರದಲ್ಲೇ. ಹೆಣ್ಣು ಪತಂಗ ರಾತ್ರಿ ಹೊತ್ತು ಎಲೆಯ ಮೇಲೆ 100ರಿಂದ 200 ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಟ್ಟು, ತನ್ನ ಹೊಟ್ಟೆಯ ಕೂದಲನ್ನೇ ಉದುರಿಸಿ ಮುಚ್ಚುತ್ತದೆ. ನೋಡಿದರೆ ಎಲೆಗೆ ಬೂದು ಬಣ್ಣದ ಬೂಷ್ಟು ಹಿಡಿದಂತೆ ಕಾಣುತ್ತದೆ. ಎರಡು-ಮೂರು ದಿನಕ್ಕೆ ಮರಿ ಹೊರಬರುತ್ತದೆ. ಕಪ್ಪು ತಲೆಯ, ಎರಡು ಮಿಲಿಮೀಟರೂ ಇಲ್ಲದ ಈ ಮರಿಗಳು ಎಲೆಯನ್ನು ತೂತು ಮಾಡಲಾರವು. ಹಸಿರನ್ನಷ್ಟೇ ಕೆರೆದು ತಿನ್ನುತ್ತವೆ. ತೆಳ್ಳನೆಯ ಪೊರೆ ಹಾಗೇ ಉಳಿದು, ಬಿಸಿಲಿಗೆ ಹಿಡಿದರೆ ಬೆಣ್ಣೆಕಾಗದದ ಹಾಗೆ ಬೆಳಕು ಆಚೆ ಕಾಣುತ್ತದೆ. ಆಮೇಲೆ ಮರಿಗಳು ನೂಲೆಳೆ ಬಿಟ್ಟು ಗಾಳಿಗೆ ತೇಲಿ ಪಕ್ಕದ ಗಿಡಗಳಿಗೆ ಹೋಗುತ್ತವೆ.

ಮೂರನೇ ಹಂತಕ್ಕೆ ಬಂದ ಹುಳು ಸುಳಿಯೊಳಗೆ ಇಳಿಯುತ್ತದೆ. ಅಲ್ಲಿ ಅವು ಒಂದನ್ನೊಂದು ತಿಂದುಕೊಳ್ಳುವುದರಿಂದ ಕೊನೆಗೆ ಒಂದು ಸುಳಿಗೆ ಒಂದೋ ಎರಡೋ ಉಳಿಯುತ್ತವೆ. ಒಟ್ಟು ಆರು ಹಂತ ದಾಟುವ ಹುಳು ತನ್ನ ಆಯುಷ್ಯದಲ್ಲಿ ತಿನ್ನುವುದರ ಮುಕ್ಕಾಲು ಪಾಲನ್ನು ತಿನ್ನುವುದು ಕೊನೆಯ ಹಂತದಲ್ಲಿ. ಅಂದರೆ ಎಲೆಯೆಲ್ಲ ಜಾಳುಜಾಳಾಗಿ ರೈತರು ಗಾಬರಿಯಿಂದ ಅಂಗಡಿಗೆ ಓಡುವ ದಿನ ಹುಳು ಊಟ ಮುಗಿಸುವ ದಿನದ ಹತ್ತಿರ ಬಂದಿರುತ್ತದೆ. ಇನ್ನೆರಡು-ಮೂರು ದಿನಕ್ಕೆ ಅದು ತಾನಾಗಿ ನೆಲಕ್ಕಿಳಿದು, ಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಆಳದಲ್ಲಿ ಕೋಶವಾಗುತ್ತದೆ. ಆ ಹೊತ್ತಿನಲ್ಲಿ ಹೊಡೆದ ಔಷಧಿ ಹಿಕ್ಕೆಯ ಮುಚ್ಚಳ ದಾಟಿ ಹುಳುವಿಗೆ ತಾಗುವುದೇ ಕಡಿಮೆ. ತಾಗಿದರೂ ಬೆಳೆದ ಹುಳು ಸುಲಭಕ್ಕೆ ಸಾಯುವುದಿಲ್ಲ. ವಾರದ ನಂತರ ಹೊಸ ಎಲೆ ಚೆನ್ನಾಗಿ ಬಂದಾಗ ಔಷಧಿ ಕೆಲಸ ಮಾಡಿತು ಎನಿಸುತ್ತದೆ. ಹುಳು ತಾನೇ ಹೊರಟುಹೋಗಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಹೊಲದೊಳಗೆ ಇಳಿದು ನೋಡುವುದು ಈ ಕೀಟದ ಮಟ್ಟಿಗೆ ಔಷಧಿಗಿಂತ ದೊಡ್ಡ ಕೆಲಸ. ಅದಕ್ಕೊಂದು ಕ್ರಮವಿದೆ. ಮೊಳಕೆ ಬಂದ ವಾರದಿಂದಲೇ ಶುರು ಮಾಡಿ, ವಾರಕ್ಕೆ ಎರಡು ಸಲವಾದರೂ ನೋಡಬೇಕು. ಬದುವಿನ ಪಕ್ಕದ ನಾಲ್ಕೈದು ಸಾಲು ಬಿಟ್ಟು ಒಳಗೆ ಹೋಗಬೇಕು. ಅಂಚಿನ ಗಿಡಗಳು ಇಡೀ ಹೊಲದ ಕಥೆ ಹೇಳುವುದಿಲ್ಲ. ಇಂಗ್ಲಿಷಿನ ಡಬ್ಲ್ಯು ಅಕ್ಷರ ಬರೆದಂತೆ ಅಡ್ಡಡ್ಡ ನಡೆದು ಐದು ಕಡೆ ನಿಂತು, ಪ್ರತಿ ಕಡೆ ಸಾಲಾಗಿ 20 ಗಿಡ ನೋಡಿದರೆ ಒಟ್ಟು 100 ಗಿಡ. ಹಾನಿಯಾದ ಗಿಡಗಳನ್ನು ಎಣಿಸಿದರೆ ಅದೇ ಶೇಕಡಾವಾರು. ಬೇರೆ ಲೆಕ್ಕ ಬೇಡ. 60 ಸೆಂಟಿಮೀಟರ್ ಸಾಲಿನಲ್ಲಿ 20 ಸೆಂಟಿಮೀಟರಿಗೊಂದು ಬೀಜ ಬಿದ್ದರೆ ಎಕರೆಗೆ 33 ಸಾವಿರಕ್ಕೂ ಹೆಚ್ಚು ಗಿಡ. ಅವುಗಳ ಹಣೆಬರಹ ತಿಳಿಯಲು 100 ಗಿಡ ಸಾಕು, ಆದರೆ ಆ 100 ಹೊಲದ ಎಲ್ಲ ಮೂಲೆಯಿಂದ ಬರಬೇಕು. ಹುಳು ಕಂಡ ಕಡೆಯೇ ನಿಂತು ಎಣಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಎಣಿಸುವಾಗ ಬಹಳ ಜನ ಎಡವುವುದು ಒಂದು ಕಡೆ. ಬಿಚ್ಚಿಕೊಂಡ ಹಳೆಯ ಎಲೆಗಳ ಮೇಲಿನ ದೊಡ್ಡ ತೂತು ಹೋದ ವಾರದ ಸುದ್ದಿ. ಆ ಎಲೆ ಸುರುಳಿಯಾಗಿ ಸುಳಿಯಲ್ಲಿದ್ದಾಗ ಹುಳು ತಿಂದದ್ದು, ಈಗ ಬಿಚ್ಚಿ ತೋರಿಸುತ್ತಿದೆ. ನೋಡಬೇಕಾದದ್ದು ಸುಳಿಯನ್ನು. ಎರಡು ಬೆರಳಿನಿಂದ ಅದನ್ನು ಅಗಲಿಸಿದಾಗ ಒಳಗಿನ ಹಿಕ್ಕೆ ಹಸಿಯಾಗಿ ಬೆರಳಿಗೆ ಅಂಟಿದರೆ ಹುಳು ಅಲ್ಲೇ ಕೆಳಗಿದೆ. ಒಣಗಿ ಪುಡಿಯಾಗಿ ಉದುರಿದರೆ, ಸುಳಿಯ ಎಳೆಯ ಎಲೆ ಅಚ್ಚ ಹಸಿರಾಗಿದ್ದರೆ, ಹುಳು ಹೋಗಿದೆ ಅಥವಾ ಯಾವುದಕ್ಕೋ ಆಹಾರವಾಗಿದೆ. ಅಂಥ ಗಿಡವನ್ನು ಲೆಕ್ಕಕ್ಕೆ ಹಿಡಿಯಬಾರದು.

ಸಿಕ್ಕ ಹುಳುವನ್ನು ಅಂಗೈ ಮೇಲೆ ಇಟ್ಟು ನೋಡುವುದೂ ಮುಖ್ಯ. ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದಂಥ ಬಿಳಿ ಗೆರೆ, ಬಾಲದ ಹತ್ತಿರದ ಒಂದು ಖಂಡದ ಮೇಲೆ ಚೌಕದ ನಾಲ್ಕು ಮೂಲೆಗೆ ಇಟ್ಟಂತೆ ನಾಲ್ಕು ಕಪ್ಪು ಚುಕ್ಕೆ ಎದ್ದು ಕಂಡರೆ ಅದು ಲದ್ದಿ ಹುಳುವೇ. ಕಾಂಡ ಕೊರೆಯುವ ಹುಳುವಿನ ಗುರುತೇ ಬೇರೆ. ಅದು ಸುಳಿಯನ್ನು ಅಡ್ಡಕ್ಕೆ ಕೊರೆಯುವುದರಿಂದ, ಎಲೆ ಬಿಚ್ಚಿದಾಗ ಸಣ್ಣ ದುಂಡನೆಯ ತೂತುಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಆಮೇಲೆ ಸುಳಿ ಒಣಗಿ, ಎಳೆದರೆ ಕೈಗೇ ಬರುತ್ತದೆ. ನಮ್ಮ ಹಳೆಯ ಸೈನಿಕ ಹುಳು ಹಗಲು ಮಣ್ಣಲ್ಲೋ ಸುಳಿಯಲ್ಲೋ ಅಡಗಿದ್ದು, ರಾತ್ರಿ ಗುಂಪಾಗಿ ಬಂದು ಎಲೆಯ ನಡುದಂಟನ್ನಷ್ಟೇ ಉಳಿಸಿ ಹೋಗುತ್ತದೆ. ಮೂರಕ್ಕೂ ಒಂದೇ ಬಾಟಲಿ ಎಂಬ ಭಾವನೆಯಿಂದಲೇ ಅರ್ಧ ಖರ್ಚು ದಂಡವಾಗುತ್ತಿದೆ.

ಎಣಿಕೆ ಬಂತು. ಮುಂದೇನು? ಇಲ್ಲೇ ಬೆಳೆಯ ವಯಸ್ಸು ಲೆಕ್ಕಕ್ಕೆ ಬರುವುದು. ಮೊಳಕೆಯಿಂದ ಸುಮಾರು ಮೂರು ವಾರದವರೆಗಿನ ಎಳೆಯ ಬೆಳೆಯಲ್ಲಿ 100ಕ್ಕೆ 5 ಗಿಡದಲ್ಲಿ ತಾಜಾ ಹಾನಿ ಕಂಡರೆ ಕ್ರಮಕ್ಕೆ ಇಳಿಯಬೇಕು ಎನ್ನುತ್ತದೆ ಕೇಂದ್ರ ಕೃಷಿ ಇಲಾಖೆಯ ಶಿಫಾರಸು. ಮೊಳಕಾಲೆತ್ತರದಿಂದ ಎದೆಮಟ್ಟದವರೆಗಿನ ಬೆಳೆಯಲ್ಲಿ ಆ ಮಿತಿ 10ರಿಂದ 20ಕ್ಕೆ ಏರುತ್ತದೆ. ಸೂಲಂಗಿ ಬಂದ ಮೇಲೆ ರಾಸಾಯನಿಕ ಹೊಡೆಯುವುದು ಗಿಟ್ಟುವುದಿಲ್ಲ. ಹುಳು ಆರಿಸಿ ತೆಗೆಯುವುದೇ ದಾರಿ. ಹಾಗಾಗಿ 15 ದಿನದ ಬೆಳೆಯಲ್ಲಿ 7 ಗಿಡ ಸಿಕ್ಕರೆ ಕೈಕಟ್ಟಿ ಕೂರುವಂತಿಲ್ಲ, ಎದೆಮಟ್ಟಕ್ಕೆ ಬಂದ 50 ದಿನದ ಬೆಳೆಯಲ್ಲಿ 12 ಸಿಕ್ಕರೆ ಬಿಟ್ಟುಬಿಡಬಹುದು.

ಎಷ್ಟು ಹಾನಿಗೆ ಎಷ್ಟು ಖರ್ಚು ಮಾಡಬೇಕು ಎಂಬ ಈ ಮಿತಿಯ ಯೋಚನೆಯನ್ನು ಕ್ಯಾಲಿಫೋರ್ನಿಯಾದ ನಾಲ್ವರು ಕೀಟಶಾಸ್ತ್ರಜ್ಞರು 1959ರಲ್ಲಿ ಕುದುರೆಮೆಂತ್ಯದ ಹೇನಿನ ಕಾಟದ ಸಂದರ್ಭದಲ್ಲಿ ಸ್ಪಷ್ಟವಾಗಿ ಬರೆದಿಟ್ಟರು. ಅದರ ತಿರುಳು ಯಾವ ರೈತರಿಗೂ ಅರ್ಥವಾಗುವಂಥದ್ದು: ಉಳಿಯುವ ಬೆಳೆಯ ಬೆಲೆ ಉಳಿಸುವ ಖರ್ಚಿಗಿಂತ ಹೆಚ್ಚಿರಬೇಕು. 2025-26ರಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಒಂದು ಸಲ ಔಷಧಿ ಹೊಡೆಯಲು ಕೂಲಿ ಸೇರಿ ಎಕರೆಗೆ 1,200 ರೂಪಾಯಿ ಎಂದು ಇಟ್ಟುಕೊಂಡರೆ ಅರ್ಧ ಕ್ವಿಂಟಲ್ ಹೋಯಿತು. 20 ಕ್ವಿಂಟಲ್ ಬೆಳೆಯುವ ಹೊಲದಲ್ಲಿ ಅದು ಶೇ 2.5. ಆ ಬೆಲೆಯೂ ಕೈಗೆ ಸಿಗದೆ, ಖರೀದಿ ಕೇಂದ್ರ ತೆರೆಯಿರಿ ಎಂದು ಗದಗ, ಹಾವೇರಿ ಭಾಗದ ರೈತರು 2025ರ ನವೆಂಬರಿನಲ್ಲಿ ಬೀದಿಗಿಳಿದಿದ್ದರು. ಬೆಲೆ ಬಿದ್ದಷ್ಟೂ ಅದೇ ಬಾಟಲಿಗೆ ಹೆಚ್ಚು ಕಾಳು ತೆರಬೇಕು.

ಹಾನಿಯ ಕಡೆಯ ಲೆಕ್ಕಕ್ಕೆ ಆಫ್ರಿಕಾದ ಒಂದು ಅಧ್ಯಯನ ನೆರವಿಗೆ ಬರುತ್ತದೆ. ಪೂರ್ವ ಜಿಂಬಾಬ್ವೆಯ ಸಣ್ಣ ರೈತರ ಹೊಲಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅದರ ಪ್ರಕಾರ, ಶೇ 32ರಿಂದ 48ರಷ್ಟು ಗಿಡಗಳಲ್ಲಿ ಹುಳುಬಾಧೆ ಕಂಡರೂ ಇಳುವರಿ ಕಡಿಮೆಯಾದದ್ದು ಶೇ 12ರ ಒಳಗೆ. ಅದಕ್ಕೆ ಮುಂಚೆ ಹರಡಿದ್ದ ಅಂದಾಜುಗಳೆಲ್ಲ ಇದಕ್ಕಿಂತ ಬಹಳ ಹೆಚ್ಚಿದ್ದವು. ಮೆಕ್ಕೆಜೋಳ ಎಲೆ ಕಳೆದುಕೊಂಡರೂ ಮತ್ತೆ ಚಿಗುರಿ ಸುಧಾರಿಸಿಕೊಳ್ಳುವ ಗಟ್ಟಿ ಬೆಳೆ. ಆ ಅಳತೆಯನ್ನೇ ಹಿಡಿದರೆ ಹಾನಿ ಕಂಡ ಗಿಡಗಳ ಪ್ರಮಾಣದ ಕಾಲು ಭಾಗದಿಂದ ಮೂರನೇ ಒಂದರಷ್ಟು ಇಳುವರಿ ನಷ್ಟ. 100ಕ್ಕೆ 10 ಗಿಡ ಎಂದರೆ ಶೇ 3ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಔಷಧಿಯ ಖರ್ಚಿನಷ್ಟೇ. ನಮ್ಮ ತಳಿ, ನಮ್ಮ ಮಳೆಗೆ ಅಂಕಿ ಆಚೀಚೆ ಆಗಬಹುದು. ಆದರೆ ಶಿಫಾರಸಿನ 10 ಎಂಬ ಗೆರೆ ಗಾಳಿಯಲ್ಲಿ ಎಳೆದದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ಎಳೆಯ ಬೆಳೆಗೆ ಮಾತ್ರ ಈ ಧಾರಾಳ ಸಲ್ಲದು. ಐದಾರು ಎಲೆಯ ಗಿಡದಲ್ಲಿ ಬೆಳೆಯುವ ತುದಿ ಇನ್ನೂ ನೆಲದ ಹತ್ತಿರವೇ ಇರುತ್ತದೆ. ಹುಳು ಅಲ್ಲಿಗೆ ಮುಟ್ಟಿದರೆ ಗಿಡವೇ ಹೋಗುತ್ತದೆ. ಸಯಾಂಟ್ರಾನಿಲಿಪ್ರೋಲ್ ಮತ್ತು ಥಯಾಮೆಥಾಕ್ಸಾಮ್ ಬೆರೆತ ಔಷಧಿಯಿಂದ ಬೀಜೋಪಚಾರ ಮಾಡಿದ್ದರೆ ಮೊದಲ ಎರಡು-ಮೂರು ವಾರಕ್ಕೆ ರಕ್ಷಣೆ ಸಿಗುತ್ತದೆ. ಇಲ್ಲದಿದ್ದರೆ ಮರಿಗಳು ಎಲೆ ಕೆರೆಯುತ್ತಿರುವಾಗಲೇ ಶೇ 5ರ ಬೇವಿನ ಬೀಜದ ಕಷಾಯ, ಅಥವಾ ಲೀಟರ್ ನೀರಿಗೆ 5 ಮಿಲಿಲೀಟರಿನಂತೆ 1500 ಪಿಪಿಎಂ ಬೇವಿನ ಔಷಧಿ ಹೊಡೆಯಬೇಕು. ಬೇವು ಸಣ್ಣ ಮರಿಗೆ ಮದ್ದು, ಬೆರಳುದ್ದದ ಹುಳುವಿಗೆ ಅಲ್ಲ. ಬೇವು ಹೊಡೆದೆ, ಏನೂ ಆಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಹೊಡೆದದ್ದು ವಾರ ತಡವಾಗಿ.

ಈ ಹಂತದಲ್ಲಿ ಹೊಲದ ಪ್ರತಿ ಸಾಲನ್ನೂ ಹತ್ತಿರದಿಂದ ನೋಡುವವರು ಕಳೆ ತೆಗೆಯುವ ಹೆಣ್ಣುಮಕ್ಕಳು. 15ರಿಂದ 25 ದಿನದ ಬೆಳೆಯಲ್ಲಿ ಬಗ್ಗಿ ಸಾಗುವ ಅವರ ಕಣ್ಣಿನ ಮಟ್ಟಕ್ಕೇ ಎಲೆ ಇರುತ್ತದೆ. ಮೊಟ್ಟೆಯ ಗುಂಪು ಹೀಗಿರುತ್ತದೆ, ಕಂಡಲ್ಲೇ ಬೆರಳಲ್ಲಿ ಒರೆಸಿಬಿಡಿ ಎಂದು ತೋರಿಸಿಕೊಟ್ಟರೆ ಒಂದು ಒರೆಸಿಗೆ ನೂರಾರು ಹುಳು ಹುಟ್ಟುವ ಮುನ್ನವೇ ಮುಗಿಯುತ್ತವೆ. ಕೀಟ ನಿರ್ವಹಣೆಯ ತರಬೇತಿಗೆ ಕರೆಯುವಾಗ ಪಹಣಿಯಲ್ಲಿ ಹೆಸರಿರುವ ಗಂಡಸರನ್ನಷ್ಟೇ ಕರೆಯುವ ರೂಢಿ ಬದಲಾಗಬೇಕು. ಹುಳುವನ್ನು ಮೊದಲು ಕಾಣುವವರು ಆ ಸಭೆಯಲ್ಲಿ ಇರುವುದೇ ಇಲ್ಲ.

ಎಣಿಕೆ ಮಿತಿ ದಾಟಿ ರಾಸಾಯನಿಕ ಬೇಕೇ ಆಯಿತು ಎಂದಾದರೆ ಶಿಫಾರಸಿನಲ್ಲಿರುವ ಹೆಸರುಗಳು ಕೆಲವೇ. ಲೀಟರ್ ನೀರಿಗೆ ಎಮಾಮೆಕ್ಟಿನ್ ಬೆಂಜೊಯೇಟ್ 0.4 ಗ್ರಾಂ, ಕ್ಲೋರಾಂಟ್ರಾನಿಲಿಪ್ರೋಲ್ 0.4 ಮಿಲಿಲೀಟರ್, ಸ್ಪಿನೆಟೊರಾಮ್ 0.5 ಮಿಲಿಲೀಟರ್. ಇವುಗಳಲ್ಲಿ ಯಾವುದಾದರೂ ಒಂದು. ಎರಡನೇ ಸಲ ಹೊಡೆಯಬೇಕಾದರೆ ಬೇರೆಯದು. ಒಂದೇ ಔಷಧಿಯನ್ನು ಮೇಲಿಂದ ಮೇಲೆ ಹೊಡೆದರೆ ಅದಕ್ಕೆ ಬಗ್ಗದ ಹುಳುಗಳಷ್ಟೇ ಉಳಿದು ಮರಿ ಮಾಡುತ್ತವೆ. ಈ ಹುಳು ಅದರಲ್ಲಿ ಪಳಗಿದ್ದು: ಪೋರ್ಟೊರಿಕೊದಲ್ಲಿ ಹುಳುವನ್ನು ಕೊಲ್ಲಲೆಂದೇ ಕುಲಾಂತರಿಸಿದ ಬಿಟಿ ಮೆಕ್ಕೆಜೋಳವನ್ನು 2006ರ ಹೊತ್ತಿಗೇ ಜೀರ್ಣಿಸಿಕೊಂಡಿತ್ತು. ಹೊಡೆಯುವುದು ಸಂಜೆಯಾದರೆ ಒಳ್ಳೆಯದು, ಹುಳು ಚುರುಕಾಗಿ ತಿನ್ನುವುದು ಕತ್ತಲಾದ ಮೇಲೆ. ಪಂಪಿನ ಮೂತಿ ಸುಳಿಯ ಕಡೆ ಇರಬೇಕು. ಎಲೆ ಮೇಲೆ ಮಂಜಿನ ಹಾಗೆ ಹೊಡೆದುಕೊಂಡು ಹೋದರೆ ಸುಳಿಯೊಳಗಿನ ಹುಳುವಿಗೆ ಒಂದು ಹನಿಯೂ ತಲುಪುವುದಿಲ್ಲ. ಮೂಗು-ಬಾಯಿಗೆ ಬಟ್ಟೆ, ಕೈಗೆ ಗವಸು ಇಲ್ಲದೆ ಪಂಪು ಹೊರಬಾರದು. ಔಷಧಿ ಬಿದ್ದ ಸೊಪ್ಪನ್ನು ದನಕ್ಕೆ ಹಾಕಲೂಬಾರದು; ಚೀಟಿಯಲ್ಲಿ ಬರೆದಷ್ಟು ದಿನ ಕಳೆಯಲೇಬೇಕು.

ಬೆಳೆದ ಹುಳುವಿಗೆ ಸಿಂಪರಣೆಗಿಂತ ತೌಡೇ ಮೇಲು. 10 ಕಿಲೋ ಅಕ್ಕಿ ತೌಡಿಗೆ 2 ಕಿಲೋ ಬೆಲ್ಲ ಕರಗಿಸಿದ ನೀರು ಕಲಸಿ ಒಂದು ದಿನ ಹುಳಿಯಲು ಬಿಟ್ಟು, ಎರಚುವ ಅರ್ಧ ಗಂಟೆ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ ಸುಳಿಗೆ ಚಿಟಿಕೆಯಷ್ಟು ಹಾಕುವುದು. ಬೆಲ್ಲದ ವಾಸನೆಗೆ ಹುಳು ತಾನಾಗಿ ಮೇಲೆ ಬರುತ್ತದೆ. ಇದು ಗವಸು ಹಾಕಿಯೇ ಮಾಡಬೇಕಾದ ಕೆಲಸ. ಮಕ್ಕಳು, ಕೋಳಿ, ಆಡು ಸುಳಿಯದಂತೆ ನೋಡಿಕೊಳ್ಳಬೇಕು.

ಎಣಿಸುವಾಗಲೇ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿಗೆ ಹೆಚ್ಚು ಗಮನ ಸಿಗಬೇಕು. ಜುಲೈ-ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಕೆಲವು ಹುಳುಗಳು ಎಲೆಗೆ ಕಚ್ಚಿಕೊಂಡೇ ಸೆಟೆದು, ಮೊದಲು ಸುಣ್ಣ ಬಳಿದಂತೆ ಬಿಳಿಯಾಗಿ, ಆಮೇಲೆ ತಿಳಿಹಸಿರು ಪುಡಿ ಹೊದ್ದು ಸತ್ತಿರುತ್ತವೆ. ಇದು ನೊಮುರಿಯಾ ರಿಲೇಯಿ ಎಂಬ ಶಿಲೀಂಧ್ರದ ಕೆಲಸ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಹಳ ವರ್ಷಗಳಿಂದ ಸೋಯಾ, ಶೇಂಗಾದ ಹುಳುಗಳ ಮೇಲೆ ಇದನ್ನು ಬಳಸುವ ಬಗೆ ಅಭ್ಯಾಸ ಮಾಡಿದ್ದರು. ಪರದೇಶದ ಹುಳು ಬಂದ ಮೊದಲ ಮಳೆಗಾಲದಲ್ಲೇ ನಮ್ಮ ಹೊಲಗಳ ಈ ಶಿಲೀಂಧ್ರ ಅದಕ್ಕೂ ತಗುಲಿತು. ನೂರು ಗಿಡದ ಎಣಿಕೆಯಲ್ಲಿ ಇಂಥ ಸೆಟೆದ ಹುಳುಗಳು ಅಲ್ಲಲ್ಲಿ ಸಿಕ್ಕರೆ, ಮೋಡ ಮುಸುಕಿದ ಹವೆ ಇದ್ದರೆ, ನಾಲ್ಕು ದಿನ ಔಷಧಿ ತಡೆಹಿಡಿದು ಮತ್ತೆ ಎಣಿಸುವುದೇ ಜಾಣತನ.

ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳಿವೆ. ಟೆಲಿನೋಮಸ್ ರೀಮಸ್ ಎಂಬುದು ಹುಳುವಿನ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ಕೂದಲು ಹೊದಿಸಿ ಪದರಪದರವಾಗಿ ಇಟ್ಟ ಗುಂಪಿನ ಒಳಗೂ ನುಗ್ಗುತ್ತದೆ. ಸುಳಿಯಲ್ಲೇ ವಾಸಿಸುತ್ತ ಮರಿಗಳನ್ನು ತಿನ್ನುವ, ಬಾಲದಲ್ಲಿ ಇಕ್ಕಳದಂಥ ಕೊಂಡಿಯಿರುವ ಕೀಟವಿದೆ, ಜೇಡವಿದೆ, ಹೇನು ತಿನ್ನುವ ಗುಲಗಂಜಿ ಹುಳುವಿದೆ. ಮುನ್ನೆಚ್ಚರಿಕೆಗೆ ಇರಲಿ ಎಂದು ಎಣಿಸದೆ ಹೊಡೆದ ಔಷಧಿ ಮೊದಲು ಕೊಲ್ಲುವುದು ಇವನ್ನೇ. ಇವು ಸುಳಿಯ ಮೇಲೆ ಓಡಾಡಿಕೊಂಡಿರುತ್ತವೆ, ಲದ್ದಿ ಹುಳು ಕೆಳಗೆ ಭದ್ರವಾಗಿರುತ್ತದೆ.

ಎಕರೆಗೆ ನಾಲ್ಕೈದು ಮೋಹಕ ಬಲೆ ಹಾಕಿಟ್ಟರೆ ಹೊಲಕ್ಕೆ ಯಾವಾಗ ಇಳಿಯಬೇಕು ಎಂಬುದು ತಿಳಿಯುತ್ತದೆ. ಅದಕ್ಕೆ ಬೀಳುವುದು ಗಂಡು ಪತಂಗಗಳು ಮಾತ್ರ. ಮೊಟ್ಟೆ ಇಡುವ ಹೆಣ್ಣು ಹೊರಗೇ ಇರುತ್ತದೆ. ಹಾಗಾಗಿ ಇಷ್ಟೇ ಬಲೆಯಿಂದ ಹುಳು ಕಡಿಮೆಯಾಗುತ್ತದೆ ಎಂಬ ನಂಬಿಕೆ ಬೇಡ. ಬಲೆಯಲ್ಲಿ ಪತಂಗ ಹೆಚ್ಚಿದ ವಾರವೇ ಎಲೆಯ ಮೇಲೆ ಮೊಟ್ಟೆ ಹುಡುಕಲು ಶುರು ಮಾಡಬೇಕು.

ಒಬ್ಬರ ಹೊಲದಲ್ಲಿ ಮುಗಿಯುವ ಮಾತಲ್ಲ ಇದು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲ ಈ ಹುಳುವನ್ನು ಅಳಿಸಿಹಾಕುತ್ತದೆ. ಪ್ರತಿ ವರ್ಷ ಅದು ಫ್ಲಾರಿಡಾ, ಟೆಕ್ಸಾಸಿನ ದಕ್ಷಿಣ ತುದಿಯಿಂದ ಹೊಸದಾಗಿ ಹಾರಿ ಬರಬೇಕು. ನಮ್ಮಲ್ಲಿ ಅಂಥ ಚಳಿ ಇಲ್ಲ. ಭದ್ರಾ ನಾಲೆಯ, ಕೊಳವೆಬಾವಿಯ ನೀರಿನಲ್ಲಿ ಹಿಂಗಾರು, ಬೇಸಿಗೆಯಲ್ಲೂ ಮೆಕ್ಕೆಜೋಳ ನಿಂತಿರುತ್ತದೆ. ಹುಳುವಿಗೆ ತಿಂಗಳಿಗೊಂದು ಪೀಳಿಗೆ. ಮೆಕ್ಕೆಜೋಳ ಇಲ್ಲದಿದ್ದರೆ ಜೋಳಕ್ಕೂ ಕಬ್ಬಿಗೂ ಹೋಗುತ್ತದೆ. ಒಂದೇ ಊರಿನಲ್ಲಿ ಜೂನ್ ಮೊದಲ ವಾರ ಒಬ್ಬರು, ಜುಲೈ ಕೊನೆಗೆ ಇನ್ನೊಬ್ಬರು ಬಿತ್ತಿದರೆ ಮೊದಲಿನವರ ಹೊಲದಲ್ಲಿ ಬೆಳೆದ ಪತಂಗ ಎರಡನೆಯವರ ಎಳೆ ಬೆಳೆಯ ಮೇಲೆ ಇಳಿಯುತ್ತದೆ. ಮಳೆ ಬಿದ್ದ ಹತ್ತು-ಹನ್ನೆರಡು ದಿನದೊಳಗೆ ಊರವರೆಲ್ಲ ಬಿತ್ತನೆ ಮುಗಿಸುವುದು, ಮೆಕ್ಕೆಜೋಳದ ಮೇಲೆ ಮತ್ತೆ ಮೆಕ್ಕೆಜೋಳ ಬಿತ್ತದೆ ನಡುವೆ ಅಲಸಂದೆಯನ್ನೋ ಕಡಲೆಯನ್ನೋ ಬೆಳೆಯುವುದು, ಸಾಲುಗಳ ನಡುವೆ ತೊಗರಿ ಹಾಕುವುದು, ಕಟಾವಾದ ಮೇಲೆ ಮಾಗಿ ಉಳುಮೆ ಮಾಡಿ ಮಣ್ಣಿನಲ್ಲಿರುವ ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುವುದು, ಇವೆಲ್ಲ ಊರೊಟ್ಟಿನಲ್ಲಿ ಆಗಬೇಕಾದ ಕೆಲಸಗಳು. ರೈತ ಸಂಪರ್ಕ ಕೇಂದ್ರಗಳು ಬಿತ್ತನೆ ಬೀಜ ಕೊಡುವ ದಿನವೇ ಊರಿಗೊಂದು ಬಿತ್ತನೆಯ ವಾರವನ್ನು ಮಾತಾಡಿ ಗೊತ್ತುಮಾಡಬಹುದು. ಅದೇ ದಿನ ಐದಾರು ಯುವಕ-ಯುವತಿಯರಿಗೆ ಎಣಿಕೆಯ ಕ್ರಮ ಕಲಿಸಿ, ಮೊಳಕೆಯೊಡೆದ ಎಂಟನೇ ದಿನದಿಂದ ಊರಿನ ನಾಲ್ಕು ದಿಕ್ಕಿನ ಹೊಲಗಳ ನೂರು ಗಿಡದ ಲೆಕ್ಕವನ್ನು ಹಾಲಿನ ಡೈರಿಯ ಹಲಗೆಯ ಮೇಲೆ ವಾರಕ್ಕೆರಡು ಸಲ ಬರೆಸಬಹುದು.